ತನ್ನ ಎಲೆಯ ಹೆಗ್ಗಣ

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ಮೇಲಿನ ನೊಣವನ್ನು ಎತ್ತಿ ತೋರಿಸುವವರನ್ನು ಕುರಿತು ನಮ್ಮಲ್ಲಿ ಒಂದು ಗಾದೆಯೇ ಇದೆ. ಒಬ್ಬ ವ್ಯಕ್ತಿಯನ್ನು ಕುರಿತು ಆಡಿದಂತೆ ಕಂಡರೂ ಇದು ಇಡೀ ಸಮಾಜಗಳಿಗೆ ಸಲ್ಲುವ ಮಾತು. ‘ನಮ್ಮ ಆಚಾರವೇ ಆಚಾರ, ನಮ್ಮ ಮಾತೇ ಮಾತು, ಉಳಿದವರೆಲ್ಲ ಒಂದು ಮೆಟ್ಟಿಲು ಕೆಳಗೆ’ ಎಂದು ಒಳಗೊಳಗೇ ನಂಬದಿರುವ ಜನಸಮುದಾಯವನ್ನು ಕಾಣುವುದು ಕಷ್ಟ. ಈ ಹಮ್ಮನ್ನು ಯಾರಾದರೂ ನೇರವಾಗಿ ಖಂಡಿಸಿದರೆ ಜನ ಕೇಳುವುದಿಲ್ಲ. ಖಂಡಿಸಿದವನನ್ನೇ ಪಂಕ್ತಿಯಿಂದ ಹೊರಗೆ ಹಾಕುತ್ತಾರೆ. ಆದುದರಿಂದಲೇ ಬುದ್ಧಿವಂತರಾದ ಲೇಖಕರು ಬೇರೊಂದು ಉಪಾಯವನ್ನು ಹಿಡಿದರು. ಕಥೆ ಕಟ್ಟಿದರು, ನಾಟಕ ಬರೆದರು, ನಗಿಸಿದರು. ನಕ್ಕು ಮುಗಿಯುವಷ್ಟರಲ್ಲಿ, ತಾನು ನಕ್ಕದ್ದು ತನ್ನನ್ನೇ ನೋಡಿ ಎಂಬುದು ಪ್ರೇಕ್ಷಕನಿಗೆ ಹೊಳೆಯುತ್ತಿತ್ತು.

ಈ ಉಪಾಯದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಅಧ್ಯಾಯ ನಾನು ಉದ್ಯೋಗ ನಿಮಿತ್ತ ನೆಲೆಸಿರುವ ಗನ್ನವರದ ಆಸುಪಾಸಿನಲ್ಲಿಯೇ ನಡೆದಿದೆ. ವಿಜಯವಾಡದಿಂದ ಸುಮಾರು 20 ಕಿ.ಮೀ. ದೂರದ ಈ ಊರು ಹೊರಗಿನವರಿಗೆ ವಿಮಾನ ನಿಲ್ದಾಣದ ಊರೆಂದೇ ಪರಿಚಯ. ಇಲ್ಲಿಂದ ವಿಶಾಖಪಟ್ಟಣದ ಕಡೆಗೆ ಹೋಗುವ ರೈಲು ಏಲೂರನ್ನು ಹಾದು, ಗೋದಾವರಿಯ ಸೇತುವೆಯನ್ನು ದಾಟಿ ರಾಜಮಹೇಂದ್ರಿಯನ್ನು ಸೇರುತ್ತದೆ. ಇನ್ನೂ ಮುಂದೆ ವಿಶಾಖಪಟ್ಟಣ, ಅದರಾಚೆಗೆ ವಿಜಯನಗರಂ. (ಇದು ನಮ್ಮ ಹಂಪೆಯ ವಿಜಯನಗರವಲ್ಲ, ಗಜಪತಿ ರಾಜರ ಸಂಸ್ಥಾನ.) ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಒಂದೇ ರೈಲುದಾರಿಯ ಎರಡು ಊರುಗಳಲ್ಲಿ ಇಬ್ಬರು ತೆಲುಗು ಲೇಖಕರು ತಮ್ಮವರ ಮುಂದೆ ಕನ್ನಡಿ ಹಿಡಿದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅವರಲ್ಲೊಬ್ಬರು ಕೈಗೆತ್ತಿಕೊಂಡ ವಿಷಯವನ್ನು ಅದಕ್ಕೂ ಐದು ವರ್ಷ ಮೊದಲೇ ನಮ್ಮ ಉತ್ತರ ಕನ್ನಡದ ಒಬ್ಬ ಶಾಸ್ತ್ರಿಗಳು ಕನ್ನಡದಲ್ಲಿ ನಾಟಕ ಮಾಡಿದ್ದರು.

ಮೊದಲು ರಾಜಮಹೇಂದ್ರಿಯ ಕಥೆಯನ್ನು ನೋಡೋಣ. ಇಂಗ್ಲಿಷಿನಲ್ಲಿ ಜೋನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ‘ಗಲಿವರನ ಪ್ರವಾಸ’ವನ್ನು ನಾವೆಲ್ಲ ಶಾಲೆಯಲ್ಲಿ ಮಕ್ಕಳ ಕಥೆಯಾಗಿ ಓದಿದ್ದೇವೆ. ಗೇಣುದ್ದದ ಜನರು, ದೈತ್ಯಾಕಾರದ ಜನರು ನಮಗೆ ನೆನಪಿದ್ದಾರೆ. ಆದರೆ ಸ್ವಿಫ್ಟನು ಅದನ್ನು ಬರೆದದ್ದು ಮಕ್ಕಳಿಗಾಗಿ ಅಲ್ಲ. ದೈತ್ಯರ ದೇಶದ ದೊರೆಯ ಮುಂದೆ ಗಲಿವರನು ತನ್ನ ದೇಶದ ಪಾರ್ಲಿಮೆಂಟು, ನ್ಯಾಯಾಲಯ, ಯುದ್ಧಗಳನ್ನು ಹೆಮ್ಮೆಯಿಂದ ಬಣ್ಣಿಸುತ್ತಾನೆ. ಕೊನೆಗೆ ಸಿಡಿಮದ್ದಿನ ರಹಸ್ಯವನ್ನೇ ಕಾಣಿಕೆಯಾಗಿ ಕೊಡುತ್ತೇನೆನ್ನುತ್ತಾನೆ. ದೊರೆ ಸಂತೋಷಪಡುವ ಬದಲು ಹೇಸಿಕೊಳ್ಳುತ್ತಾನೆ. ತಾನು ನಾಗರಿಕನೆಂದು ಎದೆಯುಬ್ಬಿಸಿ ಬಂದವನು ಕಾಡುಮನುಷ್ಯನಾಗಿ ಕಾಣುವುದು ಅಲ್ಲಿ.

ಈ ಉಪಾಯವನ್ನು ತೆಲುಗಿಗೆ ತಂದವರು ಕಂದುಕೂರಿ ವೀರೇಶಲಿಂಗಂ ಪಂತುಲು (1848–1919). ವಿಧವಾ ವಿವಾಹಕ್ಕಾಗಿ ಹೋರಾಡಿ, 1881ರ ಡಿಸೆಂಬರಿನಲ್ಲಿ ರಾಜಮಹೇಂದ್ರಿಯಲ್ಲಿ ಮೊದಲ ವಿಧವಾ ವಿವಾಹವನ್ನು ನಡೆಸಿದ ಮಹಾನುಭಾವರು ಅವರು. 1890ರ ದಶಕದಲ್ಲಿ ಗಲಿವರನ ಮಾದರಿಯನ್ನು ಮುಂದಿಟ್ಟುಕೊಂಡು ‘ಸತ್ಯರಾಜಾ ಪೂರ್ವದೇಶ ಯಾತ್ರಲು’ ಎಂಬ ಕಥೆಯನ್ನು ಬರೆದರು. ಇದರ ಮೊದಲ ಭಾಗದಲ್ಲಿ ಸತ್ಯರಾಜನು ಹೋಗುವುದು ಆಡಿಮಲಯಾಳವೆಂಬ ದೇಶಕ್ಕೆ. ಅಲ್ಲಿ ಹೆಂಗಸರದೇ ಆಳ್ವಿಕೆ, ಗಂಡಸರು ಅವರ ಅಧೀನ. ನಮ್ಮ ಕಡೆ ಹೆಣ್ಣಿಗೆ ಹಾಕಿದ ಕಟ್ಟುಪಾಡುಗಳು ಅಲ್ಲಿ ಗಂಡಿಗೆ! ಎರಡನೆಯ ಭಾಗದಲ್ಲಿ ಅವನು ಲಂಕೆಯ ದೈತ್ಯರ ನಡುವೆ ಇರುವೆಯಾಗುತ್ತಾನೆ. ಸಭೆಯಲ್ಲಿ ನಿಂತು ‘ವಿಧವೆಯನ್ನು ಹೀಗೆ ಕಾಣುವುದು ಅನ್ಯಾಯ’ ಎಂದರೆ ಕಲ್ಲು ತೂರುವ ಜನ, ಅದೇ ಅನ್ಯಾಯ ಗಂಡಸಿಗಾದ ಕಥೆಯನ್ನು ಓದುವಾಗ ‘ಛೆ, ಎಂಥ ಅನಾಗರಿಕ ದೇಶವಪ್ಪಾ!’ ಎನ್ನಲೇಬೇಕು. ಹಾಗೆಂದ ಮರುಗಳಿಗೆಯಲ್ಲಿ ಆ ದೇಶ ಯಾವುದೆಂದು ಗೊತ್ತಾಗುತ್ತದೆ.

ಇದು ದೂರದೇಶಕ್ಕೆ ಕರೆದೊಯ್ದು ಮನೆಯನ್ನು ತೋರಿಸುವ ಬಗೆ. ಇದಕ್ಕಿಂತ ಕಷ್ಟದ ಬಗೆ ಇನ್ನೊಂದಿದೆ. ಮನೆಯ ಪಡಸಾಲೆಯಲ್ಲೇ ದೀಪ ಹಚ್ಚಿ, ಮನೆಯವರನ್ನೇ ಅವರ ಮಾತಿನಲ್ಲೇ ಮಾತಾಡಿಸಿ, ಅವರ ದೊಡ್ಡಸ್ತಿಕೆಯನ್ನು ಬಯಲಿಗೆಳೆಯುವುದು. ವಿಜಯನಗರದಲ್ಲಿ ನಡೆದದ್ದು ಇದು. ಅದು ಅರ್ಥವಾಗಬೇಕಾದರೆ ಆ ಕಾಲದ ಒಂದು ಲೆಕ್ಕಾಚಾರವನ್ನು ತಿಳಿಯಬೇಕು.

ಹೆಂಡತಿ ಸತ್ತರೆ ಗಂಡಸು ಎಷ್ಟು ಸಲವಾದರೂ ಮರುಮದುವೆಯಾಗಬಹುದಿತ್ತು. ವಿಧವೆಗೆ ಆ ಹಕ್ಕಿರಲಿಲ್ಲ. ಹೆಣ್ಣುಮಕ್ಕಳನ್ನು ಋತುಮತಿಯಾಗುವ ಮೊದಲೇ ಧಾರೆಯೆರೆದು ಕೊಡಬೇಕು. ಹೀಗಾಗಿ ಐವತ್ತು ಅರುವತ್ತು ವರ್ಷದ ವಿಧುರನಿಗೂ ವಧುವೆಂದರೆ ಹಸುಗೂಸೇ. ಗಂಡುಗಳ ಸಂಖ್ಯೆ ಹೆಚ್ಚು, ‘ಯೋಗ್ಯ’ ವಧುಗಳ ಸಂಖ್ಯೆ ಕಡಿಮೆ. ಪೂರೈಕೆ ಕಡಿಮೆಯಾಗಿ ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ; ಇದು ಅಡಿಕೆಗೂ ಅನ್ವಯಿಸುವ ನಿಯಮ. ಬಡ ತಂದೆ ಮಗಳಿಗೆ ಬೆಲೆ ಕಟ್ಟಿದ, ಹಣವಂತ ಮುದುಕ ಕೊಟ್ಟ. ಇದಕ್ಕೆ ಕನ್ಯಾಶುಲ್ಕವೆಂದು ಹೆಸರು. ಬಿಚ್ಚಿ ಹೇಳಿದರೆ ಕನ್ಯಾವಿಕ್ರಯ. ಮದುವೆಯಾದ ಕೆಲವೇ ವರ್ಷಗಳಲ್ಲಿ ಮುದುಕ ತೀರಿಕೊಂಡರೆ ಹುಡುಗಿ ಜೀವಮಾನವೆಲ್ಲ ವಿಧವೆ.

ಇದನ್ನು ನಡೆಸುತ್ತಿದ್ದವರು ಯಾರು? ತಾವೇ ಸಮಾಜದ ನೆತ್ತಿಯಲ್ಲಿರುವವರು, ವೇದ ಶಾಸ್ತ್ರಗಳ ವಾರಸುದಾರರು ಎಂದು ನಂಬಿದ್ದವರು. ಆ ಶಾಸ್ತ್ರಗಳಾದರೂ ಏನು ಹೇಳುತ್ತಿದ್ದವು? ಹಣ ಕೊಟ್ಟು ಹೆಣ್ಣು ತರುವುದು ಆಸುರ ವಿವಾಹವೆಂದು ಮನುಸ್ಮೃತಿಯೇ ಹೆಸರಿಟ್ಟಿದೆ. ವಿವೇಕಿಯಾದ ತಂದೆ ಮಗಳಿಗಾಗಿ ಅಲ್ಪವಾದರೂ ಶುಲ್ಕ ತೆಗೆದುಕೊಳ್ಳಕೂಡದೆಂದು ನಿಷೇಧಿಸಿದೆ. ಅಂದರೆ ಅವರ ಹಿರಿಮೆಯ ಆಧಾರವಾಗಿದ್ದ ಗ್ರಂಥವೇ ಅವರ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು. ವಿಡಂಬನೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕೆ?

ಆ ನೆಲದಲ್ಲಿ ಮೊದಲು ನೇಗಿಲು ಹೂಡಿದವರು ಕನ್ನಡಿಗರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ 1887ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದಕ್ಕೆ ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನವಿದೆ. ಹಣದ ಬಲದಿಂದ ಎಳೆಯ ಹುಡುಗಿಯನ್ನು ಮದುವೆಯಾಗುವ ಮುದುಕನೇ ಅದರ ವಸ್ತು. ಶಾಸ್ತ್ರಿಗಳು ಹವ್ಯಕರು, ವಿಡಂಬಿಸಿದ್ದೂ ಹವ್ಯಕ ಸಮಾಜವನ್ನೇ, ಪಾತ್ರಗಳ ಬಾಯಲ್ಲಿ ಆಡಿಸಿದ್ದು ಹವ್ಯಕರ ಮನೆಮಾತನ್ನೇ. ಮುಂಬಯಿಯಲ್ಲಿ ಕುಳಿತು ಊರಿನ ಹುಳುಕನ್ನು ಅಚ್ಚು ಹಾಕಿಸಿದ ಶಾಸ್ತ್ರಿಗಳು ಒಂದು ರೀತಿಯಲ್ಲಿ ನಮ್ಮಂಥ ಹೊರನಾಡ ಕನ್ನಡಿಗರ ಹಿರಿಯರು. ಊರಿನ ಹುಳುಕು ಊರಿನಿಂದ ದೂರ ಬಂದವನಿಗೆ ಹೆಚ್ಚು ಸ್ಪಷ್ಟವಾಗಿ ಕಾಣುವುದುಂಟು.

ಐದು ವರ್ಷಗಳ ಬಳಿಕ, 1892ರ ಆಗಸ್ಟಿನಲ್ಲಿ, ವಿಜಯನಗರದ ಜಗನ್ನಾಥ ವಿಲಾಸಿನೀ ಸಭೆಯವರು ಗುರಜಾಡ ಅಪ್ಪಾರಾಯರ ‘ಕನ್ಯಾಶುಲ್ಕಂ’ ನಾಟಕವನ್ನು ರಂಗಕ್ಕೆ ತಂದರು. ಅಪ್ಪಾರಾಯರು (1862–1915) ವಿಶಾಖಪಟ್ಟಣ ಜಿಲ್ಲೆಯ ರಾಯವರದವರು. ಸ್ವಲ್ಪ ಕಾಲ ಡೆಪ್ಯುಟಿ ಕಲೆಕ್ಟರರ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು, ಆಮೇಲೆ ಕಾಲೇಜಿನ ಉಪನ್ಯಾಸಕರಾಗಿ, ಮಹಾರಾಜ ಆನಂದ ಗಜಪತಿಯವರ ಆಪ್ತರಾದರು. ಗುಮಾಸ್ತರ ಮೇಜಿನಿಂದ ಸಾಹಿತ್ಯಕ್ಕೆ ಬಂದವರೆಂಬ ಕಾರಣಕ್ಕೆ ನನಗೆ ಅವರ ಮೇಲೆ ಒಂದಿಷ್ಟು ಹೆಚ್ಚಿನ ಅಭಿಮಾನ.

ನಾಟಕ 1897ರಲ್ಲಿ ಅಚ್ಚಾದಾಗ ಅದಕ್ಕೆ ಬರೆದ ಇಂಗ್ಲಿಷ್ ಮುನ್ನುಡಿಯಲ್ಲಿ ಅಪ್ಪಾರಾಯರು ಒಂದು ಪಟ್ಟಿಯನ್ನು ಪ್ರಸ್ತಾಪಿಸುತ್ತಾರೆ. ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಬ್ರಾಹ್ಮಣರಲ್ಲಿ ನಡೆದ ಶುಲ್ಕದ ಮದುವೆಗಳನ್ನು ಮಹಾರಾಜರು ಪಟ್ಟಿ ಮಾಡಿಸಿದ್ದರು. ಸಂಬಂಧಪಟ್ಟವರು ಸತ್ಯವನ್ನು ಮುಚ್ಚಿಡುವುದು ಸಹಜವಾದುದರಿಂದ ಪಟ್ಟಿ ಪೂರ್ಣವಾಗಿರಲಿಲ್ಲ. ಆದರೂ ದಾಖಲಾದ ಮದುವೆಗಳು 1034. ವಧುಗಳಲ್ಲಿ ಐದು ವರ್ಷದವರು 99, ನಾಲ್ಕು ವರ್ಷದವರು 44, ಮೂರು ವರ್ಷದವರು 36, ಎರಡು ವರ್ಷದವರು 6, ಒಂದು ವರ್ಷದ ಕೂಸುಗಳು 3. ಈ ಕೂಸುಗಳ ಬೆಲೆ ತಲಾ 350ರಿಂದ 400 ರೂಪಾಯಿ! ಒಂದು ಜಿಲ್ಲೆಯ ಒಂದು ಚಿಕ್ಕ ಸಮುದಾಯದ ಲೆಕ್ಕ ಇದು. ಹೀಗೆ ಅಂಕಿಗಳನ್ನು ಕೈಯಲ್ಲಿ ಹಿಡಿದು ಹಾಸ್ಯಕ್ಕೆ ಕೈಹಾಕಿದ ಲೇಖಕರು ವಿರಳ. ನಾಟಕದ ನಗೆಯ ಅಡಿಯಲ್ಲಿ ಈ 1034 ಹುಡುಗಿಯರಿದ್ದಾರೆ.

ಕಥೆ ಸ್ಥೂಲವಾಗಿ ಹೀಗೆ. ಅಗ್ನಿಹೋತ್ರಾವಧಾನಿಗಳು ವೇದ ಬಲ್ಲವರು, ಮೂಗಿನ ತುದಿಯಲ್ಲಿ ಕೋಪ. ಹಿರಿಯ ಮಗಳು ಬುಚ್ಚಮ್ಮನನ್ನು ಮಾರಿ, ಅವಳು ವಿಧವೆಯಾಗಿ ಮನೆಗೆ ಬಂದಿದ್ದಾಳೆ. ಅಷ್ಟಾದರೂ ಕಿರಿಯ ಮಗಳು ಸುಬ್ಬಿಯನ್ನು ಮುದುಕ ಲುಬ್ಧಾವಧಾನಿಗಳಿಗೆ ಕೊಡಲು ವ್ಯಾಪಾರ ಕುದುರಿಸಿದ್ದಾರೆ. ಹೆಂಡತಿ ವೆಂಕಮ್ಮ ಅತ್ತು ಕರೆದರೂ ಕೇಳುವುದಿಲ್ಲ. ಆಕೆಯ ಸೋದರ ಕರಟಕ ಶಾಸ್ತ್ರಿ ಇದನ್ನು ತಪ್ಪಿಸಲು ತನ್ನ ಶಿಷ್ಯನಿಗೇ ಹೆಣ್ಣುವೇಷ ಹಾಕಿಸಿ, ಅಗ್ಗದ ಬೆಲೆಗೆ ಬಂದ ವಧುವೆಂದು ಲುಬ್ಧಾವಧಾನಿಗಳಿಗೆ ಮದುವೆ ಮಾಡಿಸುತ್ತಾನೆ. ವಂಶ, ಗೋತ್ರ, ಜಾತಕಗಳ ಬಗ್ಗೆ ಅಷ್ಟೊಂದು ಮಾತಾಡುವ ಮುದುಕನಿಗೆ ತಾಳಿ ಕಟ್ಟಿಸಿಕೊಂಡದ್ದು ಹೆಣ್ಣೋ ಗಂಡೋ ಎಂಬುದೇ ಗೊತ್ತಾಗುವುದಿಲ್ಲ. ಅವರ ಕಣ್ಣು ಇದ್ದದ್ದು ಬೆಲೆಯ ಮೇಲೆ.

ಇಷ್ಟಕ್ಕೇ ನಿಂತಿದ್ದರೆ ‘ಕನ್ಯಾಶುಲ್ಕಂ’ ಒಂದು ಒಳ್ಳೆಯ ಸುಧಾರಣಾ ನಾಟಕವಾಗಿ ಮರೆತುಹೋಗುತ್ತಿತ್ತು. ಅದನ್ನು ದೊಡ್ಡದು ಮಾಡಿದವನು ಗಿರೀಶಂ. ಅವನು ಹೊಸ ಕಾಲದವನು, ಇಂಗ್ಲಿಷ್ ಕಲಿತವನು, ವಿಧವಾ ವಿವಾಹ, ವೇಶ್ಯಾವೃತ್ತಿಯ ವಿರೋಧ, ದೇಶೋದ್ಧಾರ ಎಲ್ಲವನ್ನೂ ಕುರಿತು ಗಂಟೆಗಟ್ಟಲೆ ಭಾಷಣ ಮಾಡಬಲ್ಲವನು. ಮಾಡುವುದು ಮಾತ್ರ ಸಾಲ, ಸುಳ್ಳು, ಪರಾರಿ. ಸಾಲಗಾರರಿಂದ ತಪ್ಪಿಸಿಕೊಳ್ಳಲು ಅವಧಾನಿಗಳ ಮಗ ವೆಂಕಟೇಶನ ಮೇಷ್ಟರಾಗಿ ಅಗ್ರಹಾರಕ್ಕೆ ಬರುತ್ತಾನೆ. ಮಗ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಬೇಕೆಂದು ತಾಯಿ ಆಸೆಪಟ್ಟಾಗ, ಗುರುಶಿಷ್ಯರು ಶಾಲೆಯ ಶಿಶುಗೀತೆಯ ಸಾಲುಗಳನ್ನೂ ಬಾಯಿಗೆ ಬಂದ ಪಾಠವನ್ನೂ ಸಂಭಾಷಣೆಯಂತೆ ಒಪ್ಪಿಸುತ್ತಾರೆ. ಆ ತಾಯಿ ಧನ್ಯಳಾಗುತ್ತಾಳೆ. ಅತ್ತ ವೇದದ ಹಮ್ಮು, ಇತ್ತ ಇಂಗ್ಲಿಷಿನ ಹಮ್ಮು. ಎರಡೂ ಒಂದೇ ಛಾವಣಿಯ ಕೆಳಗೆ ಒಂದನ್ನೊಂದು ಮೋಸಮಾಡುತ್ತ ಊಟಮಾಡುತ್ತವೆ. ಹಳಬರನ್ನು ನೋಡಿ ನಗುತ್ತಿದ್ದ ಪದವೀಧರ ಪ್ರೇಕ್ಷಕ ಗಿರೀಶಂ ಬಂದೊಡನೆ ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತುಕೊಳ್ಳಬೇಕಾಗುತ್ತದೆ. ಇಂದಿಗೂ ಈ ಕಡೆ ಬಡಾಯಿ ಕೊಚ್ಚುವವನನ್ನು ಜನ ಗಿರೀಶಂ ಎಂದೇ ಕರೆಯುತ್ತಾರೆ.

ಇವರೆಲ್ಲರ ನಡುವೆ ನೆಟ್ಟಗೆ ನಿಂತಿರುವವಳು ಯಾರು? ಮಧುರವಾಣಿ ಎಂಬ ವೇಶ್ಯೆ. ಸಮಾಜ ಯಾರನ್ನು ಎಲ್ಲರಿಗಿಂತ ಕೆಳಗಿಟ್ಟಿತ್ತೋ ಅವಳಿಗೇ ಬುದ್ಧಿ, ಕರುಣೆ, ಮಾತಿನ ನೇರ ಮೂರೂ ಇವೆ. ಎಳೆಯ ಹುಡುಗಿಯ ಮದುವೆಯನ್ನು ತಪ್ಪಿಸುವ ಕೆಲಸಕ್ಕೆ ಕೈಗೂಡಿಸುವವಳು ಅವಳು. ಕೊನೆಯಲ್ಲಿ ನಿಜವಾದ ಸಜ್ಜನರಾದ ವಕೀಲ ಸೌಜನ್ಯಾರಾಯರನ್ನೂ ಆಕೆ ಪರೀಕ್ಷೆಗೆ ಒಡ್ಡುತ್ತಾಳೆ. ವೇಶ್ಯೆಯೊಡನೆ ಮಾತೇ ಆಡುವುದಿಲ್ಲವೆಂಬ ಅವರ ಸುಧಾರಕ ವ್ರತದಲ್ಲಿಯೂ ಒಂದು ಹಮ್ಮು ಅಡಗಿದೆಯಲ್ಲವೆ? ಪಾಂಡಿತ್ಯದ ಹಮ್ಮು, ಇಂಗ್ಲಿಷಿನ ಹಮ್ಮು, ಸದಾಚಾರದ ಹಮ್ಮು, ಮೂರನ್ನೂ ಅಪ್ಪಾರಾಯರು ಬಿಡಲಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಆಗಿನ ತೆಲುಗು ಪಂಡಿತರಿಗೆ ಗ್ರಾಂಥಿಕ ಭಾಷೆಯೇ ಭಾಷೆ, ಮನೆಮಾತು ಗ್ರಾಮ್ಯ. ಅಪ್ಪಾರಾಯರು ಇಡೀ ನಾಟಕವನ್ನು ವಿಜಯನಗರದ ಕಡೆಯ ಆಡುಮಾತಿನಲ್ಲಿ ಬರೆದರು. 1909ರಲ್ಲಿ ಅದನ್ನು ಬಹಳಷ್ಟು ಹಿಗ್ಗಿಸಿ ಹೊಸದೆಂಬಂತೆ ಪ್ರಕಟಿಸಿದಾಗಲೂ ಆಡುಮಾತನ್ನು ಬಿಡಲಿಲ್ಲ. ಇದಕ್ಕೆ ಕಾರಣ ಸರಳ. ಗ್ರಾಂಥಿಕ ಭಾಷೆಯಲ್ಲಿ ಎಂಥ ವ್ಯಾಪಾರವೂ ಧರ್ಮವಾಗಿ ಕೇಳಿಸುತ್ತದೆ. ‘ಕನ್ಯಾಶುಲ್ಕ ಸ್ವೀಕಾರ’ ಎಂದರೆ ಯಾವುದೋ ವಿಧಿಯಿರಬೇಕೆನಿಸುತ್ತದೆ. ‘ಮಗಳನ್ನು ಎಷ್ಟಕ್ಕೆ ಮಾರಿದಿರಿ?’ ಎಂದು ಜಗಲಿಯ ಮಾತಿನಲ್ಲಿ ಕೇಳಿದರೆ ಮುಚ್ಚಿಕೊಳ್ಳಲು ಜಾಗವಿಲ್ಲ. ನಮ್ಮ ಕರ್ಕಿಯ ಶಾಸ್ತ್ರಿಗಳು ಹವ್ಯಕ ಮಾತನ್ನು ಬಳಸಿದ್ದರ ಹಿಂದೆಯೂ, 1918ರಲ್ಲಿ ‘ಟೊಳ್ಳುಗಟ್ಟಿ’ ಬರೆದ ಟಿ. ಪಿ. ಕೈಲಾಸಂ ಅವರು ಬೆಂಗಳೂರಿನ ಮನೆಗಳ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗಕ್ಕೆ ತಂದದ್ದರ ಹಿಂದೆಯೂ ಇದೇ ಜಾಣತನವಿದೆ. ಪರೀಕ್ಷೆಯ ಅಂಕಗಳ ಮೇಲೆ ಕಟ್ಟಿದ ಹಿರಿಮೆಯ ಟೊಳ್ಳನ್ನು ತೋರಿಸಲು ಅವರಿಗೆ ಆ ಮನೆಗಳ ಮಾತೇ ಬೇಕಾಯಿತು.

1899ರಲ್ಲಿ ಮರಾಠಿಯಲ್ಲಿ ಗೋವಿಂದ ಬಲ್ಲಾಳ ದೇವಲರ ‘ಸಂಗೀತ ಶಾರದಾ’ ಬಂತು. ಅಲ್ಲಿಯೂ ಹಣಕ್ಕೆ ಮಗಳನ್ನು ಮುದುಕನಿಗೆ ಕೊಡಲು ಹೊರಟ ತಂದೆ. ಹೀಗೆ ಹನ್ನೆರಡು ವರ್ಷಗಳ ಅಂತರದಲ್ಲಿ ಕನ್ನಡ, ತೆಲುಗು, ಮರಾಠಿ ಮೂರರಲ್ಲಿಯೂ ಒಂದೇ ರೋಗಕ್ಕೆ ಒಂದೇ ಮದ್ದು. ‘ನಮ್ಮಲ್ಲಿ ಹೀಗಿರಲಿಲ್ಲ, ಅದೆಲ್ಲ ಅವರ ಕಡೆ’ ಎಂದು ಹೇಳುವ ಬಾಯಿ ಈ ಮೂರು ಪ್ರಾಂತಗಳಲ್ಲಿ ಯಾರಿಗೂ ಉಳಿಯಲಿಲ್ಲ.

ಹಾಗಾದರೆ ಮದ್ದು ಹಿಡಿಯಿತೆ? ಕನ್ಯಾಶುಲ್ಕವೇನೋ ಕ್ರಮೇಣ ಕಣ್ಮರೆಯಾಯಿತು. 1929ರ ಶಾರದಾ ಕಾಯಿದೆ ಹುಡುಗಿಯರ ಮದುವೆಯ ವಯಸ್ಸಿಗೆ ಹದಿನಾಲ್ಕರ ಮಿತಿ ಹಾಕಿತು. (ಈ ಹೆಸರು ನಾಟಕದ ಶಾರದೆಯಿಂದ ಬಂದದ್ದಲ್ಲ, ಮಸೂದೆಯನ್ನು ಮಂಡಿಸಿದ ಹರಬಿಲಾಸ್ ಸಾರ್ದಾ ಅವರಿಂದ ಬಂದದ್ದು.) ಆದರೆ ತಕ್ಕಡಿ ನೆಟ್ಟಗೆ ನಿಲ್ಲದೆ ಇನ್ನೊಂದು ಕಡೆಗೆ ವಾಲಿತು. ಇಂಗ್ಲಿಷ್ ಓದಿ ಸರ್ಕಾರಿ ನೌಕರಿ ಹಿಡಿದ ಹುಡುಗನ ಬೆಲೆ ಏರಿತು. ಹೆಣ್ಣಿನ ತಂದೆ ಕೈಚಾಚುತ್ತಿದ್ದ ಜಾಗದಲ್ಲಿ ಗಂಡಿನ ತಂದೆ ಕೈಚಾಚಿದ. 1920ರ ದಶಕದ ಆರಂಭಕ್ಕೇ ಕಾಳ್ಳಕೂರಿ ನಾರಾಯಣರಾಯರು ‘ವರವಿಕ್ರಯಂ’ ಎಂಬ ತೆಲುಗು ನಾಟಕವನ್ನು ಬರೆಯಬೇಕಾಯಿತು. ಅದರಲ್ಲಿ ಅಕ್ಕ ಕಾಳಿಂದಿ ಹಣ ಕೊಟ್ಟು ಕೊಂಡ ವರನನ್ನು ಒಲ್ಲದೆ ಪ್ರಾಣ ಬಿಡುತ್ತಾಳೆ. ತಂಗಿ ಕಮಲ ಅದೇ ವರನನ್ನು ಮದುವೆಯಾಗಿ, ‘ನಮ್ಮಪ್ಪ ದುಡ್ಡು ಕೊಟ್ಟು ಕೊಂಡ ಪದಾರ್ಥ ನಮ್ಮ ಮನೆಯಲ್ಲಿರಬೇಕಲ್ಲವೆ’ ಎಂಬ ನ್ಯಾಯ ಹೂಡಿ ಮಾವನಿಗೆ ಪಾಠ ಕಲಿಸುತ್ತಾಳೆ. ಈ ನಾಟಕ 1939ರಲ್ಲಿ ಚಲನಚಿತ್ರವಾಯಿತು. ಭಾನುಮತಿಯವರ ಮೊದಲ ಚಿತ್ರ ಅದು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಆಮೇಲಿನ ಕಥೆ ನಮ್ಮ ನಮ್ಮ ಮನೆಗಳಿಗೆ ಗೊತ್ತಿದೆ.

ನಾನು ಮುಖ್ಯವಾಗಿ ಹೇಳಹೊರಟ ಮಾತು ಈಗ ಬಂತು. ‘ಕನ್ಯಾಶುಲ್ಕಂ’ 1955ರಲ್ಲಿ ಎನ್. ಟಿ. ರಾಮರಾವ್, ಸಾವಿತ್ರಿಯವರ ಅಭಿನಯದಲ್ಲಿ ಚಿತ್ರವಾಯಿತು. 2007ರಲ್ಲಿ ವೇಲ್ಚೇರು ನಾರಾಯಣರಾಯರ ಇಂಗ್ಲಿಷ್ ಅನುವಾದವೂ ಬಂತು. ಅಗ್ನಿಹೋತ್ರಾವಧಾನಿಗಳನ್ನು ನೋಡಿ ಈಗ ಎಲ್ಲರೂ ನಗುತ್ತಾರೆ. ನಗುವುದು ಸುಲಭ, ಏಕೆಂದರೆ ಅವರು ಈಗ ಯಾರ ಮನೆಯ ಯಜಮಾನರೂ ಅಲ್ಲ. ‘ಅಬ್ಬಾ, ಆ ಕಾಲದವರು ಎಷ್ಟು ಮೂಢರಿದ್ದರು, ನಾವು ಎಷ್ಟು ಮುಂದೆ ಬಂದಿದ್ದೇವೆ!’ ಎಂದುಕೊಂಡು ಏಳುತ್ತೇವೆ. ಯಾವ ಹಮ್ಮನ್ನು ಮುರಿಯಲು ನಾಟಕ ಹುಟ್ಟಿತೋ ಅದೇ ಹಮ್ಮು ನಾಟಕ ನೋಡಿದ ಮೇಲೆ ಹೊಸದಾಗಿ ಚಿಗುರುತ್ತದೆ. ಹಳೆಯ ವಿಡಂಬನೆಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. 1892ರ ಪ್ರೇಕ್ಷಕ ನಕ್ಕದ್ದು ತನ್ನ ಸೋದರಮಾವನನ್ನು ನೋಡಿ, ಪಕ್ಕದ ಕುರ್ಚಿಯವನನ್ನು ನೋಡಿ, ಕೊನೆಗೆ ತನ್ನನ್ನು ನೋಡಿ. ನಾವು ನಗುವುದು ಮುತ್ತಜ್ಜನನ್ನು ನೋಡಿ ಮಾತ್ರ.

ಹೊರನಾಡಿನಲ್ಲಿರುವ ನಮಗೆ ಇದು ಇನ್ನಷ್ಟು ಹತ್ತಿರದ ವಿಷಯ. ಪರಸ್ಥಳದಲ್ಲಿ ಕೆಲವೇ ಮನೆಗಳವರು ಒಟ್ಟುಗೂಡಿದಾಗ ‘ನಮ್ಮವರು’, ‘ಇಲ್ಲಿಯವರು’ ಎಂಬ ಗೆರೆ ತಾನಾಗಿಯೇ ಬೀಳುತ್ತದೆ. ನಾವು ಸೌಮ್ಯರು, ಇಲ್ಲಿಯವರು ಗದ್ದಲದವರು. ನಮ್ಮ ಸಾರು ಹದ, ಇಲ್ಲಿಯದು ಬರೀ ಖಾರ. ನಮ್ಮದು ಸಂಸ್ಕೃತಿ, ಇವರದು ಆಡಂಬರ. ಯುಗಾದಿಗೋ ರಾಜ್ಯೋತ್ಸವಕ್ಕೋ ಹುಡುಗರು ಆಡುವ ಕಿರುನಾಟಕಗಳಲ್ಲಿ ನಗೆ ಬರುವುದು ಅನೇಕ ವೇಳೆ ನೆರೆಭಾಷೆಯವನು ಕನ್ನಡವನ್ನು ತಪ್ಪಾಗಿ ಆಡಿದಾಗ. ಅದೇ ಹೊತ್ತಿಗೆ ಪಕ್ಕದ ಸಭಾಂಗಣದಲ್ಲಿ ಬೇರೊಂದು ಭಾಷೆಯ ಸಂಘದವರು ನಮ್ಮ ಮಾತಿನ ಧಾಟಿಯನ್ನು ಅಣಕಿಸಿ ನಗುತ್ತಿರಬಹುದು. ಇದು ನೊಣ ಹುಡುಕುವ ಹಾಸ್ಯ. ಸೂರಿ ವೆಂಕಟರಮಣ ಶಾಸ್ತ್ರಿಗಳಾಗಲಿ ಅಪ್ಪಾರಾಯರಾಗಲಿ ಪಕ್ಕದ ಜಾತಿಯನ್ನೋ ಪಕ್ಕದ ಪ್ರಾಂತವನ್ನೋ ಅಣಕಿಸಿದ್ದರೆ ಅವರ ಹೆಸರು ಇಂದು ಉಳಿಯುತ್ತಿರಲಿಲ್ಲ.

ಹೆಗ್ಗಣಕ್ಕೇನು ಕೊರತೆ? ವಿಜಯವಾಡದಿಂದ ಇತ್ತ ಬರುವ ಹೆದ್ದಾರಿಯುದ್ದಕ್ಕೂ ಕಾಲೇಜುಗಳವರು ಹಾಕಿದ ಫಲಕಗಳಲ್ಲಿ ರ‍್ಯಾಂಕು ಬಂದ ಮಕ್ಕಳ ಮುಖಗಳು. ಆ ಫಲಕಗಳನ್ನು ನೋಡಿ ಮೂಗು ಮುರಿಯುವ ನಾವೇ ನಮ್ಮ ಮಗುವನ್ನು ಅದೇ ಹಾಸ್ಟೆಲಿಗೆ ಸೇರಿಸಲು ಶಿಫಾರಸು ಹುಡುಕುತ್ತೇವೆ. ‘ನಾವು ವರದಕ್ಷಿಣೆ ಕೇಳುವವರಲ್ಲ’ ಎಂದು ಹೇಳಿ, ‘ನಿಮ್ಮ ಮಗಳಿಗೆ ನೀವು ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು’ ಎಂದು ಸೇರಿಸುತ್ತೇವೆ. ಇಲ್ಲಿಂದ ವಿಮಾನ ಹತ್ತಿ ಅಮೆರಿಕಕ್ಕೆ ಹೋದ ಹುಡುಗನ ಜಾತಕಕ್ಕೆ ಇರುವ ಬೆಲೆ ಊರಲ್ಲೇ ಉಳಿದು ತೋಟ ನೋಡಿಕೊಳ್ಳುವ ಹುಡುಗನ ಜಾತಕಕ್ಕಿಲ್ಲ. ಹವ್ಯಕರಲ್ಲೂ ಕರಾವಳಿ ಮಲೆನಾಡುಗಳ ಇತರ ಕೃಷಿಕ ಕುಟುಂಬಗಳಲ್ಲೂ ತೋಟದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಮಾತು ಊರಿಗೆ ಹೋದಾಗಲೆಲ್ಲ ಕಿವಿಗೆ ಬೀಳುತ್ತದೆ. ಇಗ್ಗಪ್ಪ ಹೆಗಡೆಯ ಕಾಲದ ಲೆಕ್ಕಾಚಾರ ವೇಷ ಬದಲಿಸಿ ಮತ್ತೆ ಬಾಗಿಲಲ್ಲಿ ನಿಂತಿದೆ. ಮನೆಯಲ್ಲಿ ಮಕ್ಕಳು ಕನ್ನಡ ಓದಲಾರರೆಂಬುದನ್ನು ಹೆಮ್ಮೆ ಬೆರೆತ ವಿಷಾದದಿಂದ ಹೇಳಿಕೊಂಡು, ಸಂಜೆ ವೇದಿಕೆಯ ಮೇಲೆ ನಿಂತು ಕನ್ನಡದ ಹಿರಿಮೆಯನ್ನು ಭಾಷಣ ಮಾಡುವ ಗಿರೀಶಂಗಳು ನಮ್ಮಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು?

ಇವನ್ನೆಲ್ಲ ಉಪನ್ಯಾಸದಲ್ಲಿ ಹೇಳಿದರೆ ಸಭೆ ಕಾಫಿಗೆ ಏಳುತ್ತದೆ. ನಾಟಕದಲ್ಲಿ ಹೇಳಿದರೆ ಕುಳಿತು ಕೇಳುತ್ತದೆ. ಸಂಘದ ಯುವ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಈ ಸಲದ ರಾಜ್ಯೋತ್ಸವಕ್ಕೆ ಕಿರುನಾಟಕ ಬರೆಯುವುದಾದರೆ ನೆರೆಯವರನ್ನು ಬಿಟ್ಟುಬಿಡಿ, ನಮ್ಮನ್ನೇ ಎತ್ತಿಕೊಳ್ಳಿ. ಮನೆಯಲ್ಲಿ ನಾವಾಡುವ ಕನ್ನಡದಲ್ಲೇ, ತೆಲುಗೂ ಇಂಗ್ಲಿಷೂ ಬೆರೆತ ಅದೇ ಕನ್ನಡದಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ಕುಳಿತ ನಮ್ಮಂಥ ಹಿರಿಯರು ನಗುತ್ತ ನಗುತ್ತ ಒಂದು ಗಳಿಗೆ ಸುಮ್ಮನಾದರೆ, ಕರ್ಕಿಯ ಶಾಸ್ತ್ರಿಗಳ ಕೆಲಸ ಮುಂದುವರಿದಿದೆಯೆಂದು ತಿಳಿಯಿರಿ.